ಪದ ಪರಿಚಯ: ‘ಲೈಕ್’ – ಹೆಬ್ಬೆರಳಿನದಲ್ಲ, ನಾಲಿಗೆಯದು

ಕಳೆದ ತಿಂಗಳು ಅಕ್ಕನ ಮಗಳು ನಮ್ಮ ಮನೆಯಲ್ಲಿ ಕೂತು ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದಳು. ‘ಶೀ ವಾಸ್ ಲೈಕ್, ಬಂದೇ ಬರ್ತೀನಿ ಕಣೇ. ಅಂಡ್ ಐ ವಾಸ್ ಲೈಕ್, ಹಾಂ, ಬಂದೆ ನೀನು!’ ಎಷ್ಟು ಲೈಕ್ ಬರುತ್ತೆ ನೋಡೋಣ ಅಂತ ಎಣಿಸೋಕೆ ಶುರು ಮಾಡಿ, ಇಪ್ಪತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಮೆಲ್ಲಗೆ ಕೇಳಿದರು: ‘ಯಾರೋ ಅದು ಲೈಕು? ಮಾತು ಮಾತಿಗೂ ಬರ್ತಾನಲ್ಲ?’

ಸರಿ, ಲೈಕು ಯಾರು ಅಂತ ನೋಡೋಣ.

ಫೇಸ್‌ಬುಕ್ಕಿನ ಹೆಬ್ಬೆರಳಿನ ಲೈಕ್ ಇಲ್ಲಿ ಲೆಕ್ಕಕ್ಕಿಲ್ಲ. ‘ಇಷ್ಟ’, ‘ಅದರ ಹಾಗೆ’ ಅನ್ನೋ ಶಾಲೆಯ ಅರ್ಥಗಳನ್ನೂ ಬದಿಗಿಡಿ. ಉಳಿಯುವುದು ಮೇಷ್ಟ್ರು ಬೈಯುವ ಲೈಕ್‌ಗಳು. ಒಂದು, ಅಂದಾಜಿನದು: ‘ಲೈಕ್ ಟೆನ್ ಪೀಪಲ್’ ಅಂದರೆ ನಮ್ಮ ‘ಒಂದ್ಹತ್ತು ಜನ’. ಇನ್ನೊಂದು, ಮಾತಿನ ನಡುವೆ ನುಸುಳುವುದು: ‘ಇಟ್ಸ್ ಲೈಕ್ ವಿಯರ್ಡ್’. ಇದಕ್ಕೆ ಕನ್ನಡದಲ್ಲಿ ‘ಒಂಥರಾ’ ಇದೆಯಲ್ಲ, ಅದೇ ಕೆಲಸ. ‘ಒಂಥರಾ ಬೇಜಾರು’ ಅಂದಾಗ ಯಾವ ಥರ ಅಂತ ಯಾರೂ ಕೇಳೋದಿಲ್ಲ. ‘ಲೈಕ್’ ಅಂದರೂ ‘ಹಾಗೆ’ ಅಂತಲೇ ಅರ್ಥ, ‘ಥರ’ ಅಂದರೂ ‘ಹಾಗೆ’ ಅಂತಲೇ. ಎರಡೂ ಭಾಷೆಯವರು ಒಂದೇ ಬಾವಿಯ ನೀರು ಸೇದಿದ್ದಾರೆ.

ಮೂರನೆಯದೇ ನಿಜವಾದ ಹೀರೋ: ‘ಐ ವಾಸ್ ಲೈಕ್’. ಯಾರೋ ಆಡಿದ ಮಾತನ್ನು, ಅಥವಾ ಆಡದೆ ಮನಸ್ಸಿನಲ್ಲೇ ಅಂದುಕೊಂಡದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವ ಲೈಕ್.

ಇದೆಲ್ಲ ಬಂದದ್ದು ಕ್ಯಾಲಿಫೋರ್ನಿಯಾದ ಹುಡುಗಿಯರಿಂದ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳೋಕೆ ಕಾರಣವೂ ಇದೆ. ಲಾಸ್ ಏಂಜಲೀಸ್‌ನ ಉತ್ತರ ಭಾಗದಲ್ಲಿ ಸ್ಯಾನ್ ಫರ್ನಾಂಡೋ ಕಣಿವೆ ಇದೆ. ಅಲ್ಲಿನ ಮಾಲ್‌ಗಳಲ್ಲಿ ಸುತ್ತಾಡುವ, ಉಳ್ಳವರ ಮನೆಯ ಹದಿಹರೆಯದ ಹುಡುಗಿಯರಿಗೆ ‘ವ್ಯಾಲಿ ಗರ್ಲ್’ ಅಂತ ಹೆಸರು ಬಿದ್ದಿತ್ತು. 1982ರಲ್ಲಿ ರಾಕ್ ಸಂಗೀತಗಾರ ಫ್ರಾಂಕ್ ಜಾಪಾ ಅದೇ ಹೆಸರಿನ ಹಾಡು ಮಾಡಿದ. ಅದರಲ್ಲಿ ಅವನ ಮಗಳು ಮೂನ್, ಆಗ 14 ವರ್ಷದವಳು, ಆ ಹುಡುಗಿಯರ ಮಾತಿನ ಧಾಟಿಯನ್ನು ಹಾಗೇ ಅಣಕಿಸಿದಳು. ಜಾಪಾ ಮಾಡಿದ್ದು ಗೇಲಿ. ಆದದ್ದು ಪ್ರಚಾರ! ಕಣಿವೆ ಎಲ್ಲಿದೆ ಅಂತಲೂ ಗೊತ್ತಿಲ್ಲದ ಅಮೆರಿಕದ ಹುಡುಗ ಹುಡುಗಿಯರೆಲ್ಲ ಅದನ್ನು ಕೇಳಿ ಹಾಗೇ ಮಾತಾಡೋಕೆ ಶುರು ಮಾಡಿದರು.

ಆದರೆ ಲೈಕನ್ನು ಹುಟ್ಟಿಸಿದವರು ಆ ಕಣಿವೆಯ ಹುಡುಗಿಯರಲ್ಲ. ನಡುವೆ ನುಸುಳುವ ಲೈಕ್ 1950ರ ದಶಕದಲ್ಲೇ ಬೀಟ್ನಿಕ್‌ಗಳ ಬಾಯಲ್ಲಿತ್ತು, ಜಾಜ್ ಕೇಳಿಕೊಂಡು ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದವರು. ಸ್ಕೂಬಿ ಡೂ ನೋಡಿದವರಿಗೆ ಶಾಗಿ ನೆನಪಿರಬೇಕು. 1969ರ ಆ ಕಾರ್ಟೂನಿನಲ್ಲಿ ‘ಲೈಕ್’ ಅನ್ನದೆ ಅವನು ಬಾಯಿ ಬಿಡುವುದೇ ಅಪರೂಪ, ಮತ್ತೆ ಅವನೇನು ಹುಡುಗಿಯಲ್ಲ. ಇನ್ನೂ ಹಿಂದೆ ಹೋದರೆ, ಮಾತಿನ ಕೊನೆಗೆ ಸುಮ್ನೆ ಒಂದು ಲೈಕ್ ಅಂಟಿಸುವ ರೂಢಿ 1778ರ ಒಂದು ಇಂಗ್ಲಿಷ್ ಕಾದಂಬರಿಯಲ್ಲೇ ಸಿಗುತ್ತದೆ. ಇಂಗ್ಲೆಂಡಿನ ಹಳ್ಳಿಗಳ ವಯಸ್ಸಾದವರ ಬಾಯಲ್ಲೂ ಇದೆ. ಕೆನಡಾದ ಭಾಷಾವಿಜ್ಞಾನಿ ಅಲೆಕ್ಸಾಂಡ್ರಾ ಡಾರ್ಸಿ ಈ ಲೈಕ್ ಒಂದಲ್ಲ, ಹಲವು ಅಂತ ಬಿಡಿಸಿ ತೋರಿಸಿದ್ದಾರೆ. ಅವುಗಳಲ್ಲಿ ಕೆಲವನ್ನು ಹುಡುಗಿಯರು ಜಾಸ್ತಿ ಬಳಸುತ್ತಾರೆ ನಿಜ, ಆದರೆ ಎಲ್ಲವನ್ನೂ ಅಲ್ಲ. ಬೈಗುಳ ಮಾತ್ರ ಪೂರ್ತಿ ಹುಡುಗಿಯರಿಗೇ.

‘ಐ ವಾಸ್ ಲೈಕ್’ ಮಾತ್ರ ನಿಜವಾಗಿಯೂ ಹೊಸದು. ಡ್ಯೂಕ್ ವಿಶ್ವವಿದ್ಯಾಲಯದ ರೊನಾಲ್ಡ್ ಬಟರ್ಸ್ ಒಂದು ಭಾಷಾ ಪತ್ರಿಕೆಯಲ್ಲಿ ಇದನ್ನು ಗುರುತಿಸಿ ಬರೆದದ್ದು 1982ರಲ್ಲಿ, ಆ ಹಾಡು ಬಂದ ವರ್ಷವೇ. ಬಾಯಿಬಿಟ್ಟು ಹೇಳದ, ಒಳಗೇ ಅಂದುಕೊಂಡ ಮಾತಿಗೆ ಜನ ಇದನ್ನು ಬಳಸುತ್ತಿದ್ದಾರೆ ಅಂತ ಅವರಿಗೆ ಅನಿಸಿತ್ತು. ಆಮೇಲೆ ಇದು ಆಡಿದ ಮಾತಿಗೂ ಹಬ್ಬಿತು, ‘ಐ’ಯಿಂದ ‘ಶೀ’ಗೆ, ‘ದೇ’ಗೆ ಹೋಯಿತು. 1990ರ ದಶಕ ಮುಗಿಯುವಷ್ಟರಲ್ಲಿ ಇಂಗ್ಲೆಂಡ್ ಮತ್ತು ಕೆನಡಾದ ಕಾಲೇಜು ಹುಡುಗರ ಮಾತಿನಲ್ಲೂ ಸಂಶೋಧಕರ ಕೈಗೆ ಸಿಕ್ಕಿತ್ತು.

ಅದೇ ಕಣಿವೆಯ ಬೇರೆ ಪದಗಳ ಗತಿ ಏನಾಯ್ತು? ಅಸಹ್ಯ ಅನ್ನೋಕೆ ಆ ಹುಡುಗಿಯರು ‘ಗ್ರೋಡಿ’ ಅನ್ನುತ್ತಿದ್ದರು. ವಾಕರಿಕೆ ಬರುತ್ತೆ ಅನ್ನೋಕೆ ‘ಗ್ಯಾಗ್ ಮಿ ವಿತ್ ಎ ಸ್ಪೂನ್’. ಈಗ ಯಾರಾದರೂ ಹಾಗಂದರೆ ಅದು ಹಳೇ ಕಾಲದ ವೇಷ ಹಾಕಿದ ಹಾಗೆ. ಇಂಥ ಪದಗಳ ಕೆಲಸ ‘ನಾನು ಈ ಗುಂಪಿನವಳು’ ಅಂತ ತೋರಿಸುವುದು, ಅಷ್ಟೇ. ಅಪ್ಪ ಅಮ್ಮನ ಬಾಯಿಗೆ ಬಂತೋ, ಮಕ್ಕಳು ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಮೋಡಿ ಅನ್ನೋ ಅರ್ಥದ ಕ್ಯಾರಿಸ್ಮಾದ ನಡುವಿನಿಂದ ಕತ್ತರಿಸಿಕೊಂಡ, ಈಗಿನ ಹುಡುಗರ ‘ರಿಜ್’ 2023ರಲ್ಲಿ ಆಕ್ಸ್‌ಫರ್ಡ್‌ನವರ ವರ್ಷದ ಪದವಾಯಿತು. ನಿಘಂಟಿನವರು ಹಾರ ಹಾಕಿದರು ಅಂದರೆ ಅದರ ಗತಿಯೂ ಅದೇ ಇರಬೇಕು ಅಂತ ನನ್ನ ಗುಮಾನಿ.

ಲೈಕ್ ಉಳಿದದ್ದು ಯಾಕೆಂದರೆ ಅದಕ್ಕೆ ಮಾಡೋಕೆ ಕೆಲಸ ಇತ್ತು. ಇದು ಕನ್ನಡದವರಿಗೆ ಬೇಗ ಅರ್ಥವಾಗುತ್ತೆ, ಯಾಕೆಂದರೆ ನಮ್ಮಲ್ಲಿ ‘ಅಂತ’ ಇದೆ. ‘ಸರಿ ಬಿಡು ಅಂತ ಸುಮ್ನಾದೆ’ ಅನ್ನುತ್ತೇವೆ. ನೀನು ನಿಜವಾಗಿ ‘ಸರಿ ಬಿಡು’ ಅಂದೆಯಾ, ಯಾರ ಮುಂದೆ ಅಂದೆ ಅಂತ ಯಾರೂ ಕೇಳಲ್ಲ. ‘ಥೂ ಅಂತ ಅನ್ನಿಸ್ತು’, ‘ದಡಕ್ ಅಂತ ಬಿತ್ತು’, ‘ನಾಳೆ ಕೊಡ್ತೀನಿ ಅಂತ ಹೇಳ್ದ’. ಮಾತು, ಯೋಚನೆ, ಸದ್ದು, ಮುಖ ಕಿವುಚಿದ್ದು, ಎಲ್ಲವನ್ನೂ ಒಂದೇ ‘ಅಂತ’ ಹೊರುತ್ತದೆ, ‘ಎಂದು’ ಅನ್ನೋ ಅದರ ಹಿರಿಯಣ್ಣನ ಕಾಲದಿಂದಲೂ ಹೊತ್ತಿದೆ. ಇಂಗ್ಲಿಷಿನವರ ಕೈಯಲ್ಲಿ ಇಂಥದ್ದೊಂದು ಇರಲಿಲ್ಲ. ‘ಐ ಸೆಡ್’ ಅಂದರೆ ಬಾಯಿಬಿಟ್ಟು ಹೇಳಿದ್ದೇನೆ ಅಂತ ಒಪ್ಪಿಕೊಂಡ ಹಾಗೆ, ‘ಐ ಥಾಟ್’ ಅಂದರೆ ಬರೀ ಯೋಚನೆ. ಬಾಸ್ ಶನಿವಾರವೂ ಬನ್ನಿ ಅಂದಾಗ ನೀವು ಕಣ್ಣರಳಿಸಿ ನಿಂತಿರಿ, ಬಾಯಿಂದ ಒಂದಕ್ಷರ ಹೊರಡಲಿಲ್ಲ, ಆದರೆ ಮುಖ ಎಲ್ಲ ಹೇಳಿತು. ಅದನ್ನು ಗೆಳತಿಗೆ ಹೇಗೆ ಹೇಳುವುದು? ‘ಐ ವಾಸ್ ಲೈಕ್’ ಅಂದು ಅದೇ ಮುಖ ಮಾಡಿದರೆ ಮುಗಿಯಿತು. ವ್ಯತ್ಯಾಸ ಅಂದರೆ ನಮ್ಮ ‘ಅಂತ’ ಮಾತು ಮುಗಿದ ಮೇಲೆ ಬರುತ್ತೆ, ಅವರ ಲೈಕ್ ಮುಂಚೆಯೇ ಬಂದು ಬಾಗಿಲು ತೆಗೆಯುತ್ತೆ.

ಹುಡುಗಿಯರು ಮೊದಲು, ಊರೆಲ್ಲ ಆಮೇಲೆ ಅನ್ನೋದೂ ಹೊಸದಲ್ಲ. ಹೆಲ್ಸಿಂಕಿಯ ಇಬ್ಬರು ಸಂಶೋಧಕಿಯರು 15ರಿಂದ 17ನೇ ಶತಮಾನದವರೆಗಿನ ಸಾವಿರಾರು ಇಂಗ್ಲಿಷ್ ಪತ್ರಗಳನ್ನು ಜಾಲಾಡಿದಾಗ, ಹೆಚ್ಚಿನ ಬದಲಾವಣೆಗಳಲ್ಲಿ ಹೆಂಗಸರೇ ಮುಂದಿದ್ದದ್ದು ಕಂಡಿತು. ‘ಮೇಕೆತ್’ ಹೋಗಿ ‘ಮೇಕ್ಸ್’ ಬಂದದ್ದು ಅವುಗಳಲ್ಲೊಂದು. ಈಗ ಲೈಕ್‌ಗೆ ಹುಬ್ಬು ಗಂಟಿಕ್ಕುವ ಮೇಷ್ಟ್ರು ತಾವು ‘ಮೇಕ್ಸ್’ ಅನ್ನುವುದು ಯಾರ ದಯೆ ಅಂತ ಯೋಚಿಸಿರಲಿಕ್ಕಿಲ್ಲ. ಅಂದ ಹಾಗೆ, 1982ರಲ್ಲಿ 14 ವರ್ಷದವರಾಗಿದ್ದವರಿಗೆ ಈಗ ಅರವತ್ತು ಹತ್ತಿರ. ಹುಡುಗರ ಮಾತು ಅಂತ ಬೈಸಿಕೊಳ್ಳುತ್ತಿರುವ ಲೈಕ್ ಎಷ್ಟೋ ಕಡೆ ಅಜ್ಜಿಯರ ಮಾತಾಗಿದೆ.

ಅವತ್ತು ಅಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಲೈಕು ಅಂದ್ರೆ ನಮ್ಮ ಅಂತ ಇದ್ದ ಹಾಗೆ ಅಮ್ಮ’ ಅಂದೆ. ಅಮ್ಮ ಒಂದು ಅವರೆಕಾಯಿ ಬಿಡಿಸಿ, ಸಿಪ್ಪೆ ಪಕ್ಕಕ್ಕೆ ಹಾಕಿ, ‘ಮತ್ತೆ ಅಂತ ಅಂತ್ಲೇ ಅನ್ನೋಕೇನಂತೆ ಅವಳಿಗೆ?’ ಅಂದರು.