ಎರಡನೇ ಆಲ್ಬಂ ಬಂದಾಗ ಶುರುವಾಗುವ ಜಗಳ

ಮೈಸೂರು, ಮಂಡ್ಯದ ಹುಡುಗರು ರ‍್ಯಾಪ್ ಹಾಡಿದರೆ ಮೊದಲ ಹಾಡಿಗೆ ಸಿಗುವ ಮರ್ಯಾದೆಯೇ ಬೇರೆ. ‘ನಮ್ ಭಾಷೇಲೇ ಹೊಡ್ದವ್ನೆ ಕಣ್ಲಾ’ ಅಂತ ಊರಿಗೆ ಊರೇ ಹೆಮ್ಮೆ ಪಡುತ್ತದೆ. ಅದೇ ಹುಡುಗ ಮುಂದಿನ ಹಾಡಿಗೆ ಒಳ್ಳೆ ಸ್ಟುಡಿಯೊ ಹಿಡಿದ, ಕೋರಸ್‌ಗೆ ಗಾಯಕಿಯನ್ನು ಕರೆಸಿದ ಅಂದುಕೊಳ್ಳಿ. ‘ಮೊದಲಿನ ಥರ ಇಲ್ಲ, ದುಡ್ಡಿಗೆ ಬಿದ್ದ’ ಅನ್ನುವ ತೀರ್ಪು ರೆಡಿ ಇರುತ್ತದೆ. ಈ ತೀರ್ಪು ನಮ್ಮೂರಲ್ಲಿ ಹುಟ್ಟಿದ್ದಲ್ಲ. ರ‍್ಯಾಪ್ ಲೋಕದಲ್ಲಿ ಇದರ ಹೆಸರುವಾಸಿ ಕೇಸು 1996ರ ನ್ಯೂಯಾರ್ಕಿನದು.

ಕ್ವೀನ್ಸ್‌ಬ್ರಿಜ್ ಅನ್ನೋದು ಅಲ್ಲಿನ ದೊಡ್ಡ ಸರ್ಕಾರಿ ವಸತಿ ಬಡಾವಣೆ. ಅಲ್ಲಿ ಬೆಳೆದ ರ‍್ಯಾಪರ್ ನಾಸ್, 1994ರ ಏಪ್ರಿಲ್‌ನಲ್ಲಿ ತನ್ನ ಮೊದಲ ಆಲ್ಬಂ ‘ಇಲ್‌ಮ್ಯಾಟಿಕ್’ ತಂದಾಗ ಅವನಿಗೆ 20 ವರ್ಷ. ಪೀಠಿಕೆಯೂ ಸೇರಿ 10 ಟ್ರ್ಯಾಕ್, ಒಟ್ಟು 40 ನಿಮಿಷವೂ ಇಲ್ಲ. ರ‍್ಯಾಪ್‌ಗೆಂದೇ ಇದ್ದ ‘ದಿ ಸೋರ್ಸ್’ ಪತ್ರಿಕೆ ಅಂಕದ ಬದಲು ಮೈಕ್ ಕೊಡುತ್ತಿತ್ತು. ಇದಕ್ಕೆ ಐದಕ್ಕೆ ಐದೂ ಕೊಟ್ಟಿತು. ಹೊಗಳಿಕೆಯಿಂದ ಹೊಟ್ಟೆ ತುಂಬಲ್ಲ ಅಲ್ವಾ? ಬಿಡುಗಡೆಗೆ ಮೊದಲೇ ಕಳ್ಳ ಕ್ಯಾಸೆಟ್‌ಗಳು ಬೀದಿಗೆ ಬಂದಿದ್ದವು. ಅಮೆರಿಕದ ಆಲ್ಬಂ ಮಾರಾಟ ಅಳೆಯುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಂ 12ನೇ ಸ್ಥಾನಕ್ಕೆ ನಿಂತಿತು. 5 ಲಕ್ಷ ಪ್ರತಿಗೆ ಸಿಗುವ ‘ಗೋಲ್ಡ್’ ಮನ್ನಣೆ ಮುಟ್ಟುವಷ್ಟರಲ್ಲಿ 1996ರ ಜನವರಿ ಬಂದಿತ್ತು.

ನಾಸ್ ಸುಮ್ನೆ ಕೂರಲಿಲ್ಲ. ಸ್ಟೀವ್ ಸ್ಟೌಟ್‌ನನ್ನು ಮ್ಯಾನೇಜರ್ ಮಾಡಿಕೊಂಡ. ಹಿಟ್ ಕೊಡುವುದರಲ್ಲಿ ಪಳಗಿದ ಟ್ರ್ಯಾಕ್‌ಮಾಸ್ಟರ್ಸ್ ಜೋಡಿಯ ಕೈಗೆ ಬಹುಪಾಲು ಸಂಗೀತ ಕೊಟ್ಟ. 1996ರ ಜುಲೈ 2ರಂದು ಬಂದ ಎರಡನೇ ಆಲ್ಬಂ ‘ಇಟ್ ವಾಸ್ ರಿಟನ್’ನಲ್ಲಿ ಗಾಯಕಿ ಲಾರಿನ್ ಹಿಲ್ ದನಿ ಇತ್ತು, ಎಲ್ಲರಿಗೂ ಗೊತ್ತಿದ್ದ ಹಳೇ ಪಾಪ್ ಧಾಟಿ ಇತ್ತು. ಬೀದಿ ಬದಿ ನಿಂತು ನೋಡುತ್ತಿದ್ದ ಹುಡುಗ ಈಗ ಎಸ್ಕೋಬಾರ್ ಅನ್ನುವ ಮಾಫಿಯಾ ದೊರೆಯ ವೇಷ ಹಾಕಿದ್ದ. ಆಲ್ಬಂ ನೇರ 1ನೇ ಸ್ಥಾನಕ್ಕೆ ಹೋಯಿತು. ‘ದಿ ಸೋರ್ಸ್’ ಈ ಸಲ ಕೊಟ್ಟಿದ್ದು 4 ಮೈಕ್. ಹಳೇ ಅಭಿಮಾನಿಗಳಂತೂ ‘ಮಾರಿಕೊಂಡ’ ಅಂದೇಬಿಟ್ಟರು.

ಆದರೆ ಅದೇ ಆಲ್ಬಂನಲ್ಲಿ ಒಂದು ಬಂದೂಕು ತನ್ನ ಕಥೆ ಹೇಳುವ ಹಾಡಿದೆ. ಕೈಯಿಂದ ಕೈಗೆ ಹೋಗಿ, ಕೊಂದು ಕೊಂದು ಅದಕ್ಕೆ ಸಾಕಾಗಿದೆ. ಕೊನೆಗೆ ಒಂದು ದಿನ ಬೇಕಂತಲೇ ಜಾಮ್ ಆಗುತ್ತದೆ, ಹಿಡಿದವನು ಸಾಯುತ್ತಾನೆ. ಬಿಡುಗಡೆ ಸಿಕ್ಕಿತು ಅನ್ನುವಷ್ಟರಲ್ಲಿ ಇನ್ಯಾರೋ ಎತ್ತಿಕೊಳ್ಳುತ್ತಾರೆ. ಮಾರಿಕೊಂಡವನು ಬರೆಯುವ ಹಾಡೇ ಇದು? ನನ್ನ ಪ್ರಕಾರ ಜನ ಎರಡನೇ ಆಲ್ಬಂ ಕೇಳಲೇ ಇಲ್ಲ. ಅದರೊಳಗೆ ಮೊದಲನೆಯದನ್ನು ಹುಡುಕಿದರು.

ಆ ನೆರಳು ಬೇಗ ಸರಿಯಲಿಲ್ಲ. 2001ರಲ್ಲಿ ನ್ಯೂಯಾರ್ಕಿನದೇ ಇನ್ನೊಬ್ಬ ರ‍್ಯಾಪರ್ ಜೇ-ಝೀ ಜಗಳಕ್ಕೆ ನಿಂತಾಗಲೂ ಚುಚ್ಚಿದ್ದು ಅಲ್ಲಿಗೇ: ಹತ್ತು ವರ್ಷಕ್ಕೊಂದು ಒಳ್ಳೇ ಆಲ್ಬಂ ಕೊಡೋನು ಅಂತ. ಆಮೇಲೆ ಗಾಳಿ ತಿರುಗಿತು. ಚಿಕಾಗೊದ ರ‍್ಯಾಪರ್ ಲೂಪೆ ಫಿಯಾಸ್ಕೊ ನಾಸ್‌ನ ಈ ಎರಡನೆಯದನ್ನೇ ತನ್ನ ಮೊದಲ ಆಲ್ಬಂಗೆ ಮಾದರಿ ಮಾಡಿಕೊಂಡ.

ನಮ್ಮ ಕಡೆ ರ‍್ಯಾಪರ್‌ಗಳು ಆಲ್ಬಂ ತರುವುದೇ ಅಪರೂಪ. ಯೂಟ್ಯೂಬ್‌ಗೆ ಒಂದೊಂದೇ ಹಾಡು ಬಿಡುತ್ತಾರೆ. ಹಾಗಾಗಿ ನಾಸ್‌ಗೆ ಎರಡು ವರ್ಷಕ್ಕೆ ಬಂದ ಪರೀಕ್ಷೆ ಇವರಿಗೆ ಎರಡನೇ ಹಾಡಿಗೇ ಬರುತ್ತದೆ. ರ‍್ಯಾಪ್ ನಮ್ಮ ಜನಪದದಲ್ಲೇ ಇತ್ತು ಅನ್ನುವ ಮಾತು ಈಗ ಜಾಸ್ತಿಯಾಗಿದೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೆ ಕೇಳುವವರ ವ್ಯತ್ಯಾಸ ನೋಡಿ. ಮಳವಳ್ಳಿ ಕಡೆ ನೀಲಗಾರರು ರಾತ್ರಿಯಿಡೀ ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡಿದರೆ, ‘ಅದೇ ಕಥೆ ಯಾಕೆ’ ಅಂತ ಯಾರೂ ಕೇಳಲ್ಲ. ಅದೇ ಕಥೆ ಕೇಳಲೆಂದೇ ಬಂದಿರುತ್ತಾರೆ. ರ‍್ಯಾಪರ್ ಮಾತ್ರ ಹೊಸದನ್ನೂ ಕೊಡಬೇಕು, ಹಳಬನಾಗಿಯೂ ಇರಬೇಕು.

ಸ್ಟುಡಿಯೊ ಬಾಡಿಗೆ, ವಿಡಿಯೊ ಖರ್ಚು ಎಲ್ಲ ಇವರ ಜೇಬಿನಿಂದಲೇ ಹೋಗುತ್ತದೆ. ದುಡ್ಡು ಕಾಣುವುದು ಸಿನಿಮಾದಲ್ಲಿ, ಇಲ್ಲವೇ ಯುವ ದಸರಾದಂಥ ವೇದಿಕೆಯಲ್ಲಿ. ಅಲ್ಲಿಗೆ ಹೋದದ್ದಕ್ಕೇ ಬಯ್ಯುವುದು ಅನ್ಯಾಯ. ಹೋದ ಮೇಲೆ ಮಂಡ್ಯದ ಮಾತನ್ನು ಬರೀ ಬೈಗುಳಕ್ಕೆ, ನಗಿಸೋದಕ್ಕೆ ಇಳಿಸಿದರೆ ಆಗ ಬಯ್ಯಲಿ, ನಾನೂ ದನಿ ಸೇರಿಸುತ್ತೇನೆ.