ಮನೆಯಲ್ಲೇ ಕೂದಲು ಕತ್ತರಿಸಿಕೊಳ್ಳಬಹುದೇ? ಬಹುದು. ಆದರೆ ಆ ಇನ್ನೊಂದು ಮಾತು ಬಿಡಿ

ಪ್ರಶ್ನೆ: ಮೇಡಂ, ಪದೇ ಪದೇ ಪಾರ್ಲರಿಗೆ ಹೋಗಲು ಪುರಸೊತ್ತಿಲ್ಲ, ದುಡ್ಡೂ ದಂಡ. ಮನೆಯಲ್ಲೇ ಕೂದಲು ಕತ್ತರಿಸಿಕೊಂಡರೆ ಏನಾದರೂ ತೊಂದರೆ ಇದೆಯೇ? ಆಗಾಗ ತುದಿ ಕತ್ತರಿಸುತ್ತಿದ್ದರೆ ಕೂದಲು ಬೇಗ, ದಟ್ಟವಾಗಿ ಬೆಳೆಯುತ್ತದಂತೆ. ನಿಜವೇ?

ಉತ್ತರ: ಮೊದಲನೆಯದಕ್ಕೆ, ಧಾರಾಳವಾಗಿ ಕತ್ತರಿಸಿಕೊಳ್ಳಿ. ಎರಡನೆಯದಕ್ಕೆ, ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಬರುವಾಗಲೆಲ್ಲ ಜೋಡಿಯಾಗಿಯೇ ಬರುತ್ತದೆ. ಮೊದಲ ವಾಕ್ಯದಲ್ಲಿ ಕತ್ತರಿ, ಎರಡನೆಯದರಲ್ಲಿ ‘ಬೆಳೆಯುತ್ತದಂತೆ’. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಜೀವಶಾಸ್ತ್ರ ಪಾಠ ಮಾಡಿದ್ದೇನೆ. ಚರ್ಮದ ಪಾಠ ಮುಗಿಸಿ, ಬೋರ್ಡಿನ ಮೇಲೆ ಕೂದಲಿನ ಬುಡದ ಚಿತ್ರ ಬರೆದು, ಭಾಗಗಳನ್ನೆಲ್ಲ ಗುರುತಿಸಿ, ಕೈಗಂಟಿದ ಸೀಮೆಸುಣ್ಣ ಕೊಡವುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತಿತ್ತು: “ಮಿಸ್, ಬೋಳಿಸಿದ್ರೆ ದಪ್ಪ ಬರುತ್ತಂತಲ್ಲ?” ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದುಕೊಂಡ ಮಕ್ಕಳೂ ಮನೆಗೆ ಹೋಗಿ ಅಜ್ಜಿಯ ಮಾತನ್ನೇ ನಂಬಿದರು. ಅವರಲ್ಲಿ ಕೆಲವರು ಈಗ ತಮ್ಮ ಮಕ್ಕಳ ತಲೆಯ ಬಗ್ಗೆ ನನಗೆ ಇದೇ ಪ್ರಶ್ನೆ ಬರೆಯುತ್ತಾರೆ.

ಒತ್ತು ಶ್ಯಾವಿಗೆ ಮಾಡುವುದನ್ನು ನೋಡಿದ್ದೀರಲ್ಲ? ಒರಳಿಗೆ ಬೆಂದ ಹಿಟ್ಟಿನ ಉಂಡೆ ಹಾಕಿ ಮೇಲಿಂದ ಒತ್ತಿದರೆ ಕೆಳಗಿನ ಬಿಲ್ಲೆಯ ತೂತುಗಳಿಂದ ಎಳೆ ಇಳಿಯುತ್ತದೆ. ಇಳಿದ ಎಳೆಯನ್ನು ಅರ್ಧಕ್ಕೆ ಕತ್ತರಿಸಿದರೆ ಮೇಲಿಂದ ಬರುವ ಎಳೆ ದಪ್ಪವಾಗುತ್ತದೆಯೇ? ಬೇಗ ಇಳಿಯುತ್ತದೆಯೇ? ದಪ್ಪ ಬೇಕಿದ್ದರೆ ಬಿಲ್ಲೆ ಬದಲಾಯಿಸಬೇಕು, ಬೇಗ ಬೇಕಿದ್ದರೆ ಒತ್ತುವವರು ಮನಸ್ಸು ಮಾಡಬೇಕು. ಕೂದಲಿನ ಬಿಲ್ಲೆ ಇರುವುದು ಚರ್ಮದ ಒಳಗೆ, ಕೆಲವು ಮಿಲಿಮೀಟರ್ ಆಳದಲ್ಲಿ. ಅದರ ಹೆಸರು ಕೇಶಕೂಪ. ಜೀವ ಇರುವುದು ಅಲ್ಲಿ ಮಾತ್ರ. ಹೊರಗೆ ಕಾಣುವುದೆಲ್ಲ ಕೆರಟಿನ್ ಎಂಬ ಪ್ರೋಟೀನಿನ ಸತ್ತ ಎಳೆ. ಕತ್ತರಿಸಿದರೆ ನೋಯುವುದಿಲ್ಲ ಎಂಬುದೇ ಅದಕ್ಕೆ ಸಾಕ್ಷಿ. ತುದಿಯಲ್ಲಿ ಕತ್ತರಿ ಆಡಿದ ಸುದ್ದಿ ಬುಡಕ್ಕೆ ಮುಟ್ಟಿಸಲು ಮಧ್ಯೆ ನರವೂ ಇಲ್ಲ, ರಕ್ತವೂ ಇಲ್ಲ.

“ಹಾಗಾದರೆ ದಾಸವಾಳ ಸವರಿದರೆ ನಾಲ್ಕು ಕಡೆ ಚಿಗುರುತ್ತದಲ್ಲ?” ಗೊತ್ತಿತ್ತು, ಇದು ಬಂದೇ ಬರುತ್ತದೆ. ಗಿಡದ ತುದಿ ಜೀವಂತ. ಆ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ರಸಾಯನಿಕ ಕೆಳಗಿನ ಪಕ್ಕದ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ತುದಿ ಹೋದರೆ ಮೊಗ್ಗುಗಳಿಗೆ ಬಿಡುಗಡೆ. ಕೂದಲಿಗೆ ಪಕ್ಕದ ಮೊಗ್ಗು ಎಲ್ಲಿದೆ? ಅದಕ್ಕೆ ಹೋಲಿಕೆ ಬೇಕಿದ್ದರೆ ಉಗುರು ನೋಡಿ. ಅದೂ ಕೆರಟಿನ್ನೇ. ಹುಟ್ಟಿದಾಗಿನಿಂದ ಕತ್ತರಿಸುತ್ತಲೇ ಇದ್ದೀರಿ, ಈವರೆಗೆ ಗೊರಸಾಗಿಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಗಡ್ಡದ ಕೂದಲನ್ನು ಅಳೆದು, ಕ್ಷೌರದಿಂದ ಅದರ ದಪ್ಪವೂ ವೇಗವೂ ಬದಲಾಗುವುದಿಲ್ಲ ಎಂದು ಬರೆದರು. 1970ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಐವರು ಯುವಕರ ಒಂದು ಕಾಲನ್ನು ಮಾತ್ರ ವಾರಕ್ಕೊಮ್ಮೆ ತಿಂಗಳುಗಟ್ಟಲೆ ಬೋಳಿಸಿ, ಇನ್ನೊಂದನ್ನು ಹಾಗೇ ಬಿಟ್ಟರು. ಎರಡೂ ಕಾಲಿನ ಕೂದಲಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಹಾಗಿದ್ದರೆ ಕೈಗೆ ಒರಟಾಗಿ ಸಿಗುವುದೇಕೆ? ರಾಗಿ ಹೊಲದಲ್ಲಿ ಕೊಯ್ಲಿಗೆ ಮುಂಚೆ ಕೈಯಾಡಿಸಿ, ಕೊಯ್ಲಾದ ಮೇಲೆ ಅದೇ ಹೊಲದಲ್ಲಿ ಬರಿಗಾಲಲ್ಲಿ ನಡೆಯಿರಿ. ಕೂಳೆ ಚುಚ್ಚುತ್ತದೆ. ರಾಗಿ ರಾತ್ರೋರಾತ್ರಿ ದಪ್ಪವಾಯಿತೇ? ಕತ್ತರಿ ಕಾಣದ ಕೂದಲಿನ ತುದಿ ಚೂಪಾಗಿ ಸಣ್ಣಗಾಗುತ್ತಾ ಹೋಗಿರುತ್ತದೆ. ಕತ್ತರಿಸಿದರೆ ಅದರ ದಪ್ಪ ಭಾಗವೇ ಮೊಂಡಾಗಿ ಮೇಲೆ ಬರುತ್ತದೆ. ಬಿಸಿಲಿಗೆ ಇನ್ನೂ ಬಣ್ಣ ಕಳೆದುಕೊಂಡಿರದ ಕಾರಣ ಕಪ್ಪಾಗಿಯೂ ಕಾಣುತ್ತದೆ. ಅಷ್ಟೇ ಮರ್ಮ.

ಇನ್ನು ಮುಡಿ. ತಿರುಪತಿ, ನಂಜನಗೂಡು, ಮಲೆ ಮಹದೇಶ್ವರ ಬೆಟ್ಟ, ಎಲ್ಲಿ ಬೇಕಾದರೂ ಮುಡಿ ಕೊಡಿ. ಹರಕೆ ನಿಮ್ಮದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ “ಮಗೂಗೆ ಮುಡಿ ತೆಗೆಸಿದ ಮೇಲೆ ಎಷ್ಟು ಚೆನ್ನಾಗಿ ಬಂತು ನೋಡಿ” ಅನ್ನಬೇಡಿ. ಹುಟ್ಟುವಾಗ ಬಂದ ಎಳೆಗೂದಲು ಮೊದಲ ಕೆಲವು ತಿಂಗಳಲ್ಲಿ ತಾನಾಗಿ ಉದುರುತ್ತದೆ. ಆಮೇಲಿನ ಕೂದಲು ಮಗು ಬೆಳೆದಂತೆ ತಾನಾಗಿಯೇ ದಪ್ಪವಾಗುತ್ತದೆ. ಬಾಣಂತಿಯ ಕಥೆಯೂ ಇದೇ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಬಾಚಣಿಗೆಯ ತುಂಬ ಕೂದಲು ಬರುತ್ತದೆ. ಗಾಬರಿಯಲ್ಲಿ ಮೋಟು ಮಾಡಿಸಿಕೊಳ್ಳುತ್ತಾಳೆ. ಉದುರಿದ್ದು ಹೇಗೂ ವಾಪಸ್ ಬರುವ ಕೂದಲೇ, ಹೆಸರು ಮಾತ್ರ ಕತ್ತರಿಗೆ. ತಲೆಯ ಸುಮಾರು ಒಂದು ಲಕ್ಷ ಕೇಶಕೂಪಗಳು ತಾಯಿಯ ಹೊಟ್ಟೆಯಲ್ಲೇ ಲೆಕ್ಕ ಮುಗಿಸಿಕೊಂಡು ಬಂದಿರುತ್ತವೆ. ಹುಟ್ಟಿದ ಮೇಲೆ ಹೊಸದು ಸೇರುವುದಿಲ್ಲ. ಬೋಳಿಸಿ ದಟ್ಟವಾಗುವುದಿದ್ದರೆ ನಡುನೆತ್ತಿ ಹೊಳೆಯುವ ನಮ್ಮ ಚಿಕ್ಕಪ್ಪ, ಪ್ರತಿ ವರ್ಷ ತಪ್ಪದೆ ಬೆಟ್ಟ ಹತ್ತುವವರು, ಇಷ್ಟು ಹೊತ್ತಿಗೆ ಜಡೆ ಹಾಕಿಕೊಳ್ಳಬೇಕಿತ್ತು.

ತಮಾಷೆಯೆಂದರೆ ಇದೇ ಜನ ಹೆಣ್ಣುಮಕ್ಕಳಿಗೆ “ಮುಖಕ್ಕೆ ರೇಜರ್ ತಾಗಿಸಬೇಡ, ಗಡ್ಡ ಬರುತ್ತೆ” ಎಂದು ಹೆದರಿಸುತ್ತಾರೆ. ಬೇಕಾದ ಕಡೆ ವರ, ಬೇಡದ ಕಡೆ ಶಾಪ. ಎರಡೂ ಸುಳ್ಳು.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಎರಡೂವರೆ ಅಡಿ ಜಡೆಯ ತುದಿಗೆ ಐದು ವರ್ಷ ವಯಸ್ಸು. ಅಷ್ಟು ವರ್ಷದ ಸೀಗೆಕಾಯಿ, ಶಾಂಪೂ, ಬಿಸಿಲು, ಬಾಚಣಿಗೆ ಎಲ್ಲ ತಿಂದು ಆ ತುದಿ ಸೀಳಿರುತ್ತದೆ. ಸೀಳಿದ್ದನ್ನು ತೆಗೆದರೆ ಸೀಳು ಮೇಲಕ್ಕೆ ಹತ್ತುವುದಿಲ್ಲ, ಜಡೆ ಸಮನಾಗಿ ತುಂಬಿದಂತೆ ಕಾಣುತ್ತದೆ. ಉದ್ದ ಬರಲಿ ಎಂದು ತಿಂಗಳಿಗೊಮ್ಮೆ ಅರ್ಧ ಇಂಚು ಕತ್ತರಿಸಿದಿರೋ, ಬೆಳೆದದ್ದೂ ಕತ್ತರಿಸಿದ್ದೂ ಒಂದೇ ಆಗಿ ಜಡೆ ಇದ್ದಲ್ಲೇ ಇರುತ್ತದೆ. ಲೆಕ್ಕ ಹಾಕಿ ನೋಡಿ.

ಈಗ ನಿಮ್ಮ ಅಸಲು ಪ್ರಶ್ನೆ. ಯಾರು ಕತ್ತರಿಸಿದರು ಎಂಬುದು ಕೂದಲಿಗೆ ಗೊತ್ತಾಗುವುದಿಲ್ಲ. ಕೆಟ್ಟರೆ ಕೆಡುವುದು ರೂಪ ಮಾತ್ರ, ಅದೂ ಒಂದೆರಡು ತಿಂಗಳ ಮಟ್ಟಿಗೆ. ದುಡ್ಡು ಉಳಿಯುತ್ತದೆ, ಭಾನುವಾರ ಬೆಳಿಗ್ಗೆ ಕಾಯುವುದು ತಪ್ಪುತ್ತದೆ. ಅಂಗಡಿಯಲ್ಲಿ ಇನ್ನೊಬ್ಬರಿಗೆ ಬಳಸಿದ ಬ್ಲೇಡಿನ ಚಿಂತೆಯೂ ಇರುವುದಿಲ್ಲ. ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಮೈಯ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಹಾಗಂತ ಮನೆಯಲ್ಲಿ ಅಪ್ಪ ಮಗ ಒಂದೇ ರೇಜರ್ ಹಂಚಿಕೊಂಡರೆ ಅಂಗಡಿಗೆ ಹೋಗದೆ ಏನು ಸಿಕ್ಕಿತು?

ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ಬೇಡ. ಮೊಂಡು ಕತ್ತರಿಯಲ್ಲಿ ಕೂದಲು ಜಾರಿ, ಮಡಚಿ, ಜಜ್ಜಿಹೋಗಿ ತುದಿ ಅಲ್ಲೇ ಸೀಳುತ್ತದೆ. ಕೂದಲಿಗೆಂದೇ ಒಂದು ಕತ್ತರಿ ಇಡಿ, ಅದರಲ್ಲಿ ಬೇರೇನೂ ಕತ್ತರಿಸಬೇಡಿ. ನಿಮ್ಮದು ನನ್ನಂತೆ ಗುಂಗುರು ಕೂದಲಾದರೆ ಒದ್ದೆಯಿದ್ದಾಗ ಎಳೆದು ಹಿಡಿದು ಕತ್ತರಿಸಲೇಬೇಡಿ. ಒದ್ದೆ ಕೂದಲು ಹಿಗ್ಗುತ್ತದೆ. ನಾನು ಎರಡು ಬೆರಳಷ್ಟು ತೆಗೆದೆ ಅಂದುಕೊಂಡಿದ್ದೆ, ಒಣಗಿದಾಗ ನಾಲ್ಕು ಬೆರಳು ಮೇಲೇರಿ ಕೂತಿತ್ತು. ಒಂದು ತಿಂಗಳು ತುರುಬಿಗೂ ಸಿಗದೆ, ಹಾರಲೂ ಬಿಡದೆ ಕ್ಲಿಪ್ಪಿನಲ್ಲೇ ಕಾಲ ಕಳೆದೆ. ಹಿಂದಲೆಗೆ ಮಾತ್ರ ಇನ್ನೊಬ್ಬರ ಕೈ ಬೇಕು. ಎರಡು ಕನ್ನಡಿ ಹಿಡಿದು ಸಾಹಸ ಮಾಡುವವರಿದ್ದಾರೆ, ಆದರೆ ಕೈ ಎತ್ತ ಹೋಗಬೇಕೋ ಅತ್ತ ಹೋಗುವುದಿಲ್ಲ.

ಟ್ರಿಮ್ಮರ್ ಆದರೆ ಅದರ ಬಾಯಿಗೆ ಸಿಕ್ಕಿಸುವ ಬಾಚಣಿಗೆಗಳಲ್ಲಿ ದೊಡ್ಡದರಿಂದ ಶುರುಮಾಡಿ ಸಣ್ಣದಕ್ಕೆ ಬನ್ನಿ. ತುಂಡು ಕೂದಲು ಕೊಡವಲು ಬಾಚಣಿಗೆ ಬಿಚ್ಚಿದರೆ ಮತ್ತೆ ಹಾಕಿದ್ದೀರಾ ಎಂದು ಎರಡು ಸಲ ನೋಡಿ. 2020ರ ಲಾಕ್‌ಡೌನಿನಲ್ಲಿ ನಮ್ಮ ಮಗ ನೋಡಲಿಲ್ಲ. ಅವರಪ್ಪನ ಬಲಗಿವಿಯ ಮೇಲೆ ಎರಡು ಬೆರಳಗಲದ ಕಾಲುದಾರಿ ಬಿತ್ತು. ಎಲ್ಲರೂ ಮನೆಯಲ್ಲೇ ಇದ್ದುದರಿಂದ ಮರ್ಯಾದೆ ಉಳಿಯಿತು.

ಅವತ್ತೇ ಇನ್ನೊಂದು ಗೊತ್ತಾಯಿತು. ಉಳಿದರ್ಧ ತಲೆಯನ್ನು ಸರಿಮಾಡಲು ಟ್ರಿಮ್ಮರ್ ನನ್ನ ಕೈಗೆ ಬಂತು. ಹಿಂದೆ ನಿಂತು ನೋಡಿದರೆ ನೆತ್ತಿಯಲ್ಲಿ ಎರಡು ಸುಳಿ! ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅದು. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೇಶಕೂಪಗಳು ಯಾವ ಕೋನಕ್ಕೆ ವಾಲಿರಬೇಕೆಂಬುದು ಗರ್ಭದಲ್ಲಿರುವಾಗಲೇ ತೀರ್ಮಾನವಾಗಿರುತ್ತದೆ, ಅವು ಸುತ್ತಿಕೊಂಡು ಸೇರುವ ಜಾಗವೇ ಸುಳಿ. ಬಹುತೇಕರಲ್ಲಿ ಒಂದು, ಗಡಿಯಾರದ ಮುಳ್ಳಿನ ದಿಕ್ಕಿಗೆ. ಕೆಲವರಲ್ಲಿ ಎರಡು. ಮದುವೆಯ ವಿಚಾರ ಕೇಶಕೂಪಕ್ಕೆ ಹೇಗೆ ಗೊತ್ತಿರಬೇಕು?

ಕಟಿಂಗಿಗೆ ಮಾತ್ರ ಸುಳಿಯ ವಿಚಾರ ಬೇಕೇ ಬೇಕು. ಅಲ್ಲಿ ತೀರಾ ಮೋಟು ಮಾಡಿದರೆ ಕೂದಲು ಮಲಗದೆ ಹುಂಜದ ಜುಟ್ಟಿನಂತೆ ಎದ್ದು ನಿಲ್ಲುತ್ತದೆ. ಪಕ್ಕಕ್ಕೆ 6 ಮಿಲಿಮೀಟರ್ ಬಾಚಣಿಗೆ ಹಾಕಿದರೆ ನೆತ್ತಿಗೆ 12 ಇಡುತ್ತೇನೆ. ನಮ್ಮತ್ತೆಗೆ ಫೋನ್ ಮಾಡಿ, “ಎರಡು ಸುಳಿ ಇರೋದು ಮದುವೆಗೆ ಮುಂಚೆ ಯಾಕೆ ಹೇಳಲಿಲ್ಲ?” ಅಂದೆ. “ಹೇಳಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ರೇನಮ್ಮಾ?” ಅಂದರು.