ಸರ್ಪಸುತ್ತು: ಚೀಟಿ ಬರೆಯುವ ಮುಂಚೆ ಕೇಳಬೇಕಾದ್ದು

ಮಂಡ್ಯದ ಕಡೆ ಸರ್ಪಸುತ್ತು ಆದವರಲ್ಲಿ ಎಷ್ಟೋ ಜನ ಮೊದಲು ಕೆಮ್ಮಣ್ಣು ಹಚ್ಚಿಸಿಕೊಳ್ಳುತ್ತಾರೆ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುತ್ತಾರೆ. ಡಾಕ್ಟರುಗಳಾದ ನಮ್ಮ ಹತ್ತಿರ ಬರುವಷ್ಟರಲ್ಲಿ ನಾಲ್ಕೈದು ದಿನ ಕಳೆದಿರುತ್ತದೆ. ಹಾಲೆರೆದರೆ ನನ್ನದೇನೂ ತಕರಾರಿಲ್ಲ. ಕೈತಪ್ಪಿದ ದಿನಗಳದ್ದೇ ಚಿಂತೆ.

ಚಿಕ್ಕಂದಿನಲ್ಲಿ ಅಮ್ಮ (ಚಿಕನ್‌ಪಾಕ್ಸ್) ಆಗಿರುತ್ತದಲ್ಲ, ಆ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿ ಪಕ್ಕದ ನರದ ಬುಡದಲ್ಲಿ ಅಡಗಿರುತ್ತದೆ. ವಯಸ್ಸಾಗಿ ಮೈಯ ಕಸುವು ಕುಗ್ಗಿದಾಗ ಎದ್ದು, ಅದೇ ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಅಸೈಕ್ಲೋವಿರ್‌ನಂಥ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಗುಳ್ಳೆ ಬೇಗ ಒಣಗುತ್ತವೆ.

ಇಷ್ಟನ್ನು ಹೇಳಿ ಚೀಟಿ ಬರೆದು ಕಳಿಸಬಹುದು. ಆದರೆ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲೇ ಡಾಕ್ಟರುಗಳಿಗೆ ಒಂದು ಮಾತು ಹೇಳಿದ್ದರು: ಕಾಯಿಲೆ ಯಾಕೆ ಬಂತು ಅನ್ನಿಸುತ್ತೆ, ಯಾವುದಕ್ಕೆ ಹೆಚ್ಚು ಭಯ ಅಂತ ರೋಗಿಯನ್ನೇ ಕೇಳಿ. ನಾನು ಕೇಳುತ್ತೇನೆ. ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು, "ಕಬ್ಬು ಕಡಿಯೋವಾಗ ನನ್ ಮಗ ಹಾವು ಹೊಡ್ದಿದ್ದ ಕಣಪ್ಪ" ಅಂದರು. ಪಕ್ಕದಲ್ಲೇ ನಿಂತಿದ್ದ ಮಗ ತಲೆ ಬಗ್ಗಿಸಿದ. ಆ ಮನೆಯಲ್ಲಿ ಗುಳ್ಳೆಗಿಂತ ಜಾಸ್ತಿ ಉರಿಯುತ್ತಿದ್ದದ್ದು ಯಾವುದು ಅಂತ ಆಗ ಗೊತ್ತಾಯಿತು. ಆಮೇಲೆ ಅಜ್ಜಿಯೇ ಕೇಳಿದರು, "ಗುಳ್ಳೆ ಮೈ ಸುತ್ಕೊಂಡು ತಲೆ ಬಾಲ ಸೇರ್ಬುಟ್ರೆ ಉಳಿಯಕಿಲ್ವಂತಲ್ಲಾ?"

ಈ ಭಯಕ್ಕೆ ಉತ್ತರ ನಮ್ಮ ಮೈಯಲ್ಲೇ ಇದೆ. ಬೆನ್ನುಮೂಳೆಯಿಂದ ಪಕ್ಕೆ ಮೇಲೆ ಹೊಕ್ಕಳವರೆಗೆ ಬೆರಳಾಡಿಸಿ ತೋರಿಸಿದೆ. "ನೋಡಿ ಅವ್ವಾ, ಎಡಗಡೆ ನರ ಇಲ್ಲಿಗೇ ಮುಗೀತು. ಬಲಗಡೆದು ಬೇರೆ. ಇದು ಆ ಕಡೆ ದಾಟೋದು ತೀರಾ ಅಪರೂಪ." ಹಾವಿನ ವಿಷಯ ಎತ್ತಲೇ ಇಲ್ಲ. ಪೂಜೆ ಮಾಡಿಸಿ, ಮಾತ್ರೆ ಇವತ್ತೇ ಶುರುಮಾಡಿ ಅಂದೆ. ಮೂಢನಂಬಿಕೆ ಅಂತ ಬೈದಿದ್ದರೆ ಅವರು ಚೀಟಿ ಮಡಚಿಕೊಂಡು ಸುಮ್ನೆ ಎದ್ದು ಹೋಗುತ್ತಿದ್ದರು, ಅಲ್ವಾ?

ಎಲ್ಲದಕ್ಕೂ ಹೂಂಗುಟ್ಟುವುದಿಲ್ಲ. ಒಡೆದ ಗುಳ್ಳೆಗೆ ಮಣ್ಣು ಬಿದ್ದರೆ ಕೀವಾಗಬಹುದು. ಪಥ್ಯ ಅಂತ ಊಟ ಬಿಟ್ಟು ಶುಗರ್ ಮಾತ್ರೆ ಮಾತ್ರ ನುಂಗಿದರೆ ತಲೆಸುತ್ತಿ ಬೀಳುತ್ತಾರೆ. ಇಲ್ಲಿ ನಾನು ಗಟ್ಟಿಯಾಗಿಯೇ ಬೇಡ ಅನ್ನುತ್ತೇನೆ. ಮಾತ್ರೆ ಉಷ್ಣ ಅನ್ನುವವರೊಂದಿಗೆ ಮಾತ್ರ ಜಗಳವಿಲ್ಲ. ಅಸೈಕ್ಲೋವಿರ್ ನುಂಗುವಾಗ ನೀರು ಚೆನ್ನಾಗಿ ಕುಡಿಯಲೇಬೇಕು. ಹಾಗಾಗಿ ನೀರು ಮಜ್ಜಿಗೆ ಧಾರಾಳವಾಗಿ ಕುಡಿಯಿರಿ ಅಂದರೆ ಇಬ್ಬರಿಗೂ ಸಮಾಧಾನ. (ಕಿಡ್ನಿ ತೊಂದರೆ ಇರುವವರು ಎಷ್ಟು ಕುಡಿಯಬೇಕು ಅಂತ ಕೇಳಿಕೊಳ್ಳಿ. ಎಳನೀರು ಅವರಿಗೆ ಎಲ್ಲ ಸಲವೂ ಒಳ್ಳೆಯದಲ್ಲ.)

ಗುಳ್ಳೆ ಹಣೆ ಮೇಲೋ ಮೂಗಿನ ತುದಿಯಲ್ಲೋ ಎದ್ದರೆ ಕಣ್ಣಿಗೆ ಅಪಾಯ. ಆಗ ಹಾಲೆರೆಯುವುದನ್ನು ನಾಳೆಗಿಟ್ಟುಕೊಂಡು ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.